ಬೇಲಿಯ ಕತ್ತಾಳೆ, ಹಿತ್ತಲ ನಿಂಬೆ, ಪೇಟೆಯ ಲೋಟ



ಅಡಿಕೆ ಧಾರಣೆ, ಕಾಳುಮೆಣಸಿನ ಸೊರಗು ರೋಗ, ಹನಿ ನೀರಾವರಿಯ ಸಹಾಯಧನ ಇವುಗಳನ್ನೆಲ್ಲ ಬಿಟ್ಟು ಕಾರ್ಯದರ್ಶಿಯು ಈ ಸಲ ಕುಡಿಯುವ ಪಾನೀಯವೊಂದರ ಮೇಲೆ ಬರೆಯಲು ಹೊರಟಿರುವುದನ್ನು ಕಂಡು ಕೆಲವರಿಗೆ ನಗು ಬರಬಹುದು. ಕೆಲವು ಹಿರಿಯರಿಗೆ ಕೋಪವೂ ಬರಬಹುದು. ಆದರೆ ನಮ್ಮ ತೋಟದ ಮೂರು ನಾಲ್ಕು ಬೆಳೆಗಳು ಒಂದೇ ಲೋಟದಲ್ಲಿ ಕೂಡಿ ಪೇಟೆಯಲ್ಲಿ ನೂರಾರು ರೂಪಾಯಿಗೆ ಮಾರಾಟವಾಗುತ್ತಿರುವಾಗ, ಅದೇ ಬೆಳೆಗಳು ನಮ್ಮ ಮನೆಯ ಲೋಟದಿಂದ ಮಾಯವಾಗುತ್ತಿರುವುದು ಬೆಳೆಗಾರರ ಪತ್ರಿಕೆಗೆ ತಕ್ಕ ವಿಷಯವೆಂದೇ ನನ್ನ ಭಾವನೆ.

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಈಚಿನ ಕೆಲವು ವರ್ಷಗಳಿಂದ ‘ಪಿಕಾಂಟೆ’ ಎಂಬ ಕಾಕ್‌ಟೇಲ್ ಬಹಳ ಚಾಲ್ತಿಯಲ್ಲಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ‘ಖಾರವಾದದ್ದು’ ಎಂದಷ್ಟೇ ಅರ್ಥ. ಮೆಕ್ಸಿಕೋ ದೇಶದ ಟಕೀಲಾ ಎಂಬ ಮದ್ಯ, ನಿಂಬೆಯ ರಸ, ಕತ್ತಾಳೆಯಿಂದ ತೆಗೆದ ಸಿಹಿ ಪಾಕ, ಸೀಳಿದ ಹಸಿ ಮೆಣಸಿನಕಾಯಿ, ನಾಲ್ಕು ಎಸಳು ಕೊತ್ತಂಬರಿ ಸೊಪ್ಪು ಇವನ್ನು ಮಂಜುಗಡ್ಡೆಯೊಡನೆ ಕುಲುಕಿ ಸೋಸುತ್ತಾರೆ. ಲೋಟದ ಅಂಚಿಗೆ ಉಪ್ಪು, ಖಾರದ ಪುಡಿ ಸವರುವುದೂ ಉಂಟು. ನಮ್ಮ ಅಣ್ಣನ ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಯುಗಾದಿಗೆ ಊರಿಗೆ ಬಂದಾಗ ಮದ್ಯವನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಸೇರಿಸಿ ಮನೆಯಲ್ಲಿ ಮಾಡಿ ತೋರಿಸಿದ. “ಚಿಕ್ಕಪ್ಪ, ಇದಕ್ಕೆ ಅಲ್ಲಿ ಏಳ್ನೂರು ರೂಪಾಯಿ” ಎಂದ. ನನ್ನ ಮನೆಯವರು ಒಂದು ಗುಟುಕು ಕುಡಿದು, “ಏನಪ್ಪ ಇದು, ಕೋಸಂಬರಿ ತೊಳೆದ ನೀರು ಇದ್ದಂಗೈತೆ” ಎಂದರು. ಮಾತು ಒರಟಾದರೂ ಸತ್ಯಕ್ಕೆ ದೂರವಲ್ಲ. ನಿಂಬೆ, ಹಸಿ ಮೆಣಸಿನಕಾಯಿ, ಕೊತ್ತಂಬರಿ, ಉಪ್ಪು: ಈ ನಾಲ್ಕನ್ನು ಕೂಡಿಸುವ ವಿದ್ಯೆಯನ್ನು ಮೆಕ್ಸಿಕೋದವರಿಂದ ಕಲಿಯಬೇಕಾದ ಸ್ಥಿತಿ ನಮಗೆ ಬಂದಿಲ್ಲ.

ಮದ್ಯದ ಮಾತಿಗೂ ಬರೋಣ, ಏಕೆಂದರೆ ಅದರಲ್ಲಿಯೂ ನಮ್ಮ ನೆಲದ ಸಂಬಂಧವಿದೆ. ಟಕೀಲಾ ಆಗುವುದು ಒಂದು ಜಾತಿಯ ನೀಲಿ ಕತ್ತಾಳೆಯಿಂದ. ಆ ಹೆಸರನ್ನು ಮೆಕ್ಸಿಕೋ ದೇಶವು 1974ರಿಂದ ತನ್ನ ನಿಗದಿತ ಪ್ರದೇಶಗಳಿಗೆ ಮಾತ್ರ ಕಾನೂನಿನಿಂದ ಕಾಯ್ದಿರಿಸಿಕೊಂಡಿದೆ. ಅದರ ಅಣ್ಣತಮ್ಮನಂತಿರುವ ಇನ್ನೊಂದು ಕತ್ತಾಳೆ, ಅದೂ ಅಮೆರಿಕ ಖಂಡದಿಂದಲೇ ಬಂದದ್ದು, ಚಳ್ಳಕೆರೆ ಮೊಳಕಾಲ್ಮೂರು ಕಡೆಯ ಹೊಲದ ಬದುಗಳಲ್ಲಿ ಯಾರೂ ನೀರುಣಿಸದೆ ಬೆಳೆಯುತ್ತದೆ. ದನಕರು ನುಗ್ಗದಿರಲೆಂದು ಹಿರಿಯರು ಬೇಲಿಗೆ ನೆಟ್ಟರು. ಪಟ್ಟೆಯನ್ನು ಕೆರೆಯಲ್ಲಿ ಕೊಳೆಹಾಕಿ, ಮೈಯೆಲ್ಲ ತುರಿಸಿಕೊಂಡು, ನಾರು ತೆಗೆದು ಹಗ್ಗ ಹೊಸೆದರು. ನೈಲಾನ್ ಹಗ್ಗ ಬಂದ ಮೇಲೆ ಅದನ್ನು ಕೇಳುವವರಿಲ್ಲವಾಯಿತು. ಹೀಗೆ ನಾವು ಮರೆತ ದಖ್ಖನ್ನಿನ ಕತ್ತಾಳೆಯ ಗಡ್ಡೆಯನ್ನು ಬೇಯಿಸಿ, ಹುಳಿಯಿಟ್ಟು, ಭಟ್ಟಿಯಿಳಿಸಿ ಮದ್ಯ ಮಾಡುವ ಉದ್ಯಮವೊಂದು ನೆರೆಯ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿ, 2011ರಲ್ಲಿ ಅದರ ಸರಕು ಮಾರುಕಟ್ಟೆಗೆ ಬಂತು. ಆಮೇಲೆ ಇನ್ನೂ ಕೆಲವರು ಆ ದಾರಿ ಹಿಡಿದಿದ್ದಾರೆ. ಟಕೀಲಾ ಎನ್ನುವಂತಿಲ್ಲವಾದ್ದರಿಂದ ಕತ್ತಾಳೆಯ ಮದ್ಯ ಎಂದೇ ಮಾರುತ್ತಾರೆ.

ಇದನ್ನು ಓದಿ ಯಾರಾದರೂ ಹಿತ್ತಲಲ್ಲಿ ಗಡ್ಡೆ ಬೇಯಿಸಲು ಹೊರಟಾರೆಂದು ಹೇಳುತ್ತಿದ್ದೇನೆ: ಲೈಸೆನ್ಸಿಲ್ಲದೆ ಭಟ್ಟಿಯಿಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಕತ್ತಾಳೆಯ ಹಸಿ ರಸವೂ ಚರ್ಮಕ್ಕೆ, ಗಂಟಲಿಗೆ ಒಳ್ಳೆಯದಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಆ ಲೋಟದಲ್ಲಿ ಜನ ಮೆಚ್ಚುವುದು ಮದ್ಯವನ್ನಲ್ಲ. ನಿಂಬೆಯ ಹುಳಿ, ಮೆಣಸಿನ ಖಾರ, ಅಂಚಿನ ಉಪ್ಪು, ಒಳಗಿನ ಸಿಹಿ ಇವುಗಳ ಹೊಂದಾಣಿಕೆಯನ್ನು. ಈ ಹೊಂದಾಣಿಕೆ ನಮ್ಮಲ್ಲಿ ಹುಟ್ಟಿ ಪರದೇಶಕ್ಕೆ ಹೋದದ್ದು ಎನ್ನಲು ಆಧಾರವೂ ಇದೆ. ಇಂಗ್ಲಿಷರ ‘ಪಂಚ್’ ಎಂಬ ಪಾನೀಯದ ಹೆಸರು ಅವರ ಬರಹದಲ್ಲಿ ಮೊದಲು ಕಾಣಿಸುವುದು 1632ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನ ಕಾಗದದಲ್ಲಿ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ ಎಂಬ ಐದು ವಸ್ತುಗಳಿಂದ ಆದದ್ದರಿಂದ ನಮ್ಮ ‘ಪಂಚ’ ಶಬ್ದದಿಂದಲೇ ಆ ಹೆಸರು ಬಂತೆಂದು ಬಹುಮಂದಿ ಹೇಳುತ್ತಾರೆ, ಒಪ್ಪದವರೂ ಇದ್ದಾರೆ. ಅದಕ್ಕೂ ನೂರು ವರ್ಷ ಹಿಂದೆ, 16ನೆಯ ಶತಮಾನದ ಆರಂಭದಲ್ಲಿ, ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದಾಗ ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಮೆಣಸಿನಕಾಯಿಯನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತರುವ ಮುಂಚೆ ಇಲ್ಲಿ ಖಾರವೆಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಅಂದರೆ ಘಟ್ಟದ ಸದಸ್ಯರ ಸಿಲ್ವರ್ ಓಕ್ ಮರಗಳ ಮೇಲೆ ಇಂದು ಹಬ್ಬಿರುವ ಬಳ್ಳಿಯೇ ಆ ಹಳೆಯ ಪಾನಕದ ಜೀವಾಳ. ರಾಮನವಮಿಯ ಪಾನಕದಲ್ಲಿ ಬೆಲ್ಲದ ಹಿಂದೆ ಗಂಟಲಿಗೆ ಹತ್ತುವ ಆ ಚುರುಕು ಅದರದೇ.

ಈ ಸೀಮೆಯಲ್ಲಿ ಮದ್ಯವಿಲ್ಲದ ಲೋಟಕ್ಕೆ ಇನ್ನೊಂದು ಗೌರವವೂ ಇದೆ. ನಮ್ಮ ಎರಡು ತಾಲ್ಲೂಕುಗಳ ಮ್ಯಾಸನಾಯಕರ ಹಟ್ಟಿಗಳಲ್ಲಿ, ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ ಮನೆಗಳಲ್ಲಿ, ಮದ್ಯವನ್ನು ಮುಟ್ಟಬಾರದೆಂಬ ಕಟ್ಟು ತಲೆತಲಾಂತರದಿಂದ ಬಂದದ್ದು. ಹೆಂಡ ಇಳಿಸುವ ಈಚಲ ಮರವನ್ನು ಕೂಡ ಅವರು ಮುಟ್ಟುತ್ತಿರಲಿಲ್ಲವೆಂದು ಹಳೆಯ ಮೈಸೂರು ಸಂಸ್ಥಾನದ ಕಾಲದ ವರದಿಗಳು ಹೇಳುತ್ತವೆ. ಇಂದಿನ ತರುಣರೆಲ್ಲರೂ ಆ ಕಟ್ಟನ್ನು ಪಾಲಿಸುತ್ತಾರೆಂದು ನಾನು ಹೇಳಲಾರೆ. ಆದರೆ ಅಂಥ ಮನೆಯ ಹಿರಿಯರು ನಮ್ಮ ಮದುವೆಗೆ ಬಂದಾಗ, ಛತ್ರದ ಹಿಂದಿನ ಕೋಣೆಯಲ್ಲಿ ಒಂದು ಗುಂಪು ಬಾಗಿಲು ಹಾಕಿಕೊಂಡು ಕೂತು, ಮುಂದಿನ ಪಡಸಾಲೆಯಲ್ಲಿ ಇವರಿಗೆ ಬಣ್ಣದ ಬಾಟಲಿ ನೀರು ಕೊಡುವುದು ಯಾವ ಮರ್ಯಾದೆ? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪೊಟ್ಟಣಗಳು ಬಂದವು. ಅಡಿಕೆ ಕೊಯ್ಲಿನ ದಿನ ಸಂಜೆ ಕೂಲಿಯ ಜತೆಗೆ ಪೊಟ್ಟಣವನ್ನೂ ಕೊಡುವ ಪದ್ಧತಿ ಕೆಲವು ತೋಟಗಳಲ್ಲಿ ಬೇರೂರಿದೆ. ಮರ ಹತ್ತುವವನಿಗೆ ಕುಡಿಸುವ ಮಾಲೀಕನನ್ನು ಏನೆನ್ನಬೇಕೆಂಬುದನ್ನು ಆ ಮನೆಯ ಹೆಣ್ಣುಮಕ್ಕಳು ನನಗಿಂತ ಚೆನ್ನಾಗಿ ಹೇಳುತ್ತಾರೆ.

ನಾನು ಪಾನನಿರೋಧದ ಭಾಷಣಕಾರನಲ್ಲ. ಕುಡಿಯುವವರು ತಮ್ಮ ಮನೆಯಲ್ಲಿ, ತಮ್ಮ ದುಡ್ಡಿನಲ್ಲಿ ಕುಡಿದರೆ ಸಂಘದ ಕಾರ್ಯದರ್ಶಿಗೆ ಅಲ್ಲಿ ಕೆಲಸವಿಲ್ಲ. ಆದರೆ ಖಾರ ನಿಂಬೆಯೊಡನೆ ಮದ್ಯ ಬೆರೆಸಿಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು. ಸಿಹಿ, ಹುಳಿ, ಖಾರ ಮೂರೂ ಕೂಡಿ ಮದ್ಯದ ಘಾಟನ್ನು ಮುಚ್ಚಿಬಿಡುತ್ತವೆ. ಎಷ್ಟು ಕುಡಿದೆವೆಂಬುದು ನಾಲಗೆಗೆ ತಿಳಿಯುವುದಿಲ್ಲ, ಕಾಲಿಗೆ ಆಮೇಲೆ ತಿಳಿಯುತ್ತದೆ. ಮತ್ತೊಂದು, ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ. ಪಾನಕದಲ್ಲಿ ಸೌಮ್ಯವಾಗಿರುವ ಒಂದೇ ಕಾಯಿ ಮದ್ಯದಲ್ಲಿ ಕಾಲು ಗಂಟೆ ನೆನೆದರೆ ಬಾಯಿ ಸುಡುತ್ತದೆ. ಬಾಯಿ ಸುಟ್ಟಾಗ ನೀರು ಕುಡಿದು ಪ್ರಯೋಜನವಿಲ್ಲ, ಮಜ್ಜಿಗೆಯೇ ಮದ್ದು.

ಇದೇ ಕಾರಣಕ್ಕೆ ನೀರಿನ ಪಾನಕಕ್ಕೆ ಹಸಿ ಮೆಣಸಿನಕಾಯಿಗಿಂತ ಕಾಳುಮೆಣಸು ಶುಂಠಿಗಳೇ ಮೇಲೆಂದು ನನ್ನ ಅನುಭವ. ನಮ್ಮ ಮನೆಯಲ್ಲಿ ಮಾಡುವ ಕ್ರಮವನ್ನು ಹೇಳುತ್ತೇನೆ. ಒಂದು ಲೀಟರಿನಷ್ಟು ಗಟ್ಟಿ ಪಾಕಕ್ಕೆ 600 ಗ್ರಾಂ ಸಕ್ಕರೆ, 300 ಮಿಲಿಲೀಟರ್ ನೀರು, 300 ಮಿಲಿಲೀಟರ್ ನಿಂಬೆ ರಸ. ರಸಕ್ಕೆ ಒಳ್ಳೆಯ ಕಾಗ್ಜಿ ನಿಂಬೆ ಹದಿನೈದರಿಂದ ಇಪ್ಪತ್ತು ಬೇಕಾದೀತು. ಬೇಸಿಗೆಯ ಒಣಗಲು ಹಣ್ಣಾದರೆ ಇನ್ನೂ ಹೆಚ್ಚು. ಐವತ್ತು ಗ್ರಾಂ ಹಸಿ ಶುಂಠಿಯನ್ನು ಜಜ್ಜಿ ಹಿಂಡಿ, ಆ ರಸವನ್ನು ಹತ್ತು ನಿಮಿಷ ಅಲುಗಿಸದೆ ಇಡಬೇಕು. ತಳದಲ್ಲಿ ಬಿಳಿಯ ಪಿಷ್ಟ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಬೇಕು. ಇದನ್ನು ಮಾಡದವರ ಪಾನಕವೇ ಮಾರನೆಯ ದಿನ ಗಂಜಿಯಂತೆ ಕಾಣುವುದು. ಹತ್ತು ಗ್ರಾಂ ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿ ಎರಡು ಪಾಲು ಮಾಡಿ, ಒಂದು ಪಾಲನ್ನು ಸಕ್ಕರೆ ನೀರಿನೊಡನೆ ಐದು ನಿಮಿಷ ಕುದಿಸಬೇಕು. ಖಾರ ಇಳಿಯುವುದು ಈ ಬಿಸಿಯಲ್ಲಿ. ಆದರೆ ಮೆಣಸಿನ ಪರಿಮಳ ಹಾರಿಹೋಗುವ ಎಣ್ಣೆಯಲ್ಲಿರುವುದರಿಂದ ಕುದಿದಷ್ಟೂ ಅದು ಅಡಿಗೆಮನೆಗೆ ಹೋಗುತ್ತದೆಯೇ ವಿನಾ ಪಾಕದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಇನ್ನೊಂದು ಪಾಲನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಿ ಮುಚ್ಚಿಡುವುದು. ನಾಲ್ಕು ಏಲಕ್ಕಿ, ಒಂದು ಚಮಚ ಉಪ್ಪು.

ನಿಂಬೆ ರಸವನ್ನು ಪಾಕ ಪೂರ್ತಿ ಆರಿದ ಮೇಲೆ ಬೆರೆಸಬೇಕು. ಬಿಸಿಗೆ ಬೆರೆಸಿದರೆ ಹೊಸ ಹಣ್ಣಿನ ವಾಸನೆ ಹೋಗಿ ಬೇಯಿಸಿದ ವಾಸನೆ ಬರುತ್ತದೆ, ‘ಸಿ’ ಜೀವಸತ್ವವೂ ಕುಂದುತ್ತದೆ. ಹಿಂಡುವಾಗ ಬೀಜವನ್ನು ಜಜ್ಜಬಾರದು, ಸಿಪ್ಪೆಯ ಕೊನೆಯ ಹನಿಯನ್ನೂ ಬಿಡಬಾರದೆಂಬ ಲೋಭವೂ ಕೂಡದು. ಕಹಿ ಬರುವುದು ಅಲ್ಲಿಂದ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳು ಈ ಕೆಲಸಕ್ಕೆ ಸಲ್ಲವು. ಹಣ್ಣಿನ ಪೂರ್ತಿ ಪರಿಮಳ ಬೇಕೆನ್ನುವವರು ಹಿಂಡುವ ಮೊದಲೇ ಎರಡು ಹಣ್ಣಿನ ಹಸಿರು ಸಿಪ್ಪೆಯನ್ನು, ಬಿಳಿಯ ಭಾಗ ಸೇರದಂತೆ ತೆಳುವಾಗಿ ಹೆರೆದು, ಸಕ್ಕರೆಯಲ್ಲಿ ತಿಕ್ಕಿ ಅರ್ಧ ಗಂಟೆ ಬಿಡಲಿ. ಸಕ್ಕರೆಯೇ ಸಿಪ್ಪೆಯ ಎಣ್ಣೆಯನ್ನು ಹೀರಿ ಒದ್ದೆಯಾಗುತ್ತದೆ. ಪೇಟೆಯ ಲೋಟಕ್ಕೂ ನಮ್ಮ ಮನೆಯ ಪಾನಕಕ್ಕೂ ಇರುವ ನಿಜವಾದ ಅಂತರ ಇದೊಂದೇ ಎಂದು ಕಾಣುತ್ತದೆ. ಅವರು ಸಿಪ್ಪೆಯನ್ನು ಬಳಸುತ್ತಾರೆ, ನಾವು ಗೊಬ್ಬರದ ಗುಂಡಿಗೆ ಎಸೆಯುತ್ತೇವೆ.

ಕುಡಿಯುವಾಗ ಒಂದು ಪಾಲು ಪಾಕಕ್ಕೆ ನಾಲ್ಕು ಪಾಲು ತಣ್ಣನೆಯ ನೀರು, ಅಥವಾ ಗೋಲಿ ಸೋಡಾ. ಸೋಡಾವನ್ನು ಕೊನೆಗೆ ಹಾಕಬೇಕು, ಹಾಕಿದ ಮೇಲೆ ಕಲಕಬಾರದು. ಹಸಿ ಮೆಣಸಿನಕಾಯಿಯೇ ಬೇಕೆನ್ನುವವರು ಒಂದು ಕಾಯಿಯನ್ನು ಸೀಳಿ, ಬೀಜ ಮತ್ತು ಒಳಗಿನ ಬಿಳಿ ನಾರನ್ನು ತೆಗೆದು, ಉಪ್ಪಿನೊಡನೆ ಲೋಟದ ತಳದಲ್ಲಿ ಎರಡು ಸಲ ಒತ್ತಿದರೆ ಸಾಕು. ಖಾರ ಹೆಚ್ಚಾಗಿರುವುದು ಆ ಬಿಳಿ ನಾರಿನಲ್ಲಿ. ಮಲೆನಾಡಿನ ಸದಸ್ಯರು ತಮ್ಮ ಜೀರಿಗೆ ಮೆಣಸಿನ ಚಪಲವನ್ನು ಇಲ್ಲಿ ತೋರಿಸದಿರುವುದು ಕ್ಷೇಮ. ಅವರಲ್ಲಿ ಹೇರಳೆ, ಗಜನಿಂಬೆ, ಕೊಡಗಿನ ಕೈಪುಳಿಯಂಥ ಹುಳಿಹಣ್ಣುಗಳಿವೆ. ಅವುಗಳ ಸಿಪ್ಪೆಯ ವಾಸನೆಯ ಮುಂದೆ ನಮ್ಮ ಕಾಗ್ಜಿ ಬಡವ. ಇನ್ನು ಕಾಫಿಗೂ ನಿಂಬೆಗೂ ನಂಟಿಲ್ಲವೆಂದು ತಿಳಿಯಬೇಡಿ. ಆಲ್ಜೀರಿಯಾ ದೇಶದಲ್ಲಿ ಹುಟ್ಟಿದ ‘ಮಜಾಗ್ರಾನ್’ ಎಂಬುದು ಸಕ್ಕರೆ ಬೆರೆಸಿದ ತಣ್ಣನೆಯ ಕಾಫಿ, ಅದಕ್ಕೆ ನಿಂಬೆ ಬೆರೆಸುವುದೂ ಉಂಟು. ಚಿಕೋರಿ ಬೆರೆಸಿದ ಪುಡಿಯಲ್ಲಿ ಮಾಡಿ ನೋಡಿ ಬೈದುಕೊಳ್ಳದಿರಿ. ಶುದ್ಧ ಕಾಫಿಯೇ ಆಗಬೇಕು.

ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯ ಬದಲು ಬೆಲ್ಲ ಹಾಕಿದರೆ ದೋಷವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸರಿಯಲ್ಲ. ಅವರಿಗೆ ನಿಂಬೆ, ಉಪ್ಪು, ಮೆಣಸು, ಶುಂಠಿಗಳ ನೀರೇ ಸರಿ, ರುಚಿಯಲ್ಲೂ ಅದು ಕಡಿಮೆಯೇನಲ್ಲ. ರಕ್ತದೊತ್ತಡದವರು ಉಪ್ಪಿಗೆ ಕೈ ಹಿಡಿಯಬೇಕು.

ರುಚಿಯ ಮಾತು ಇಷ್ಟು ಸಾಕು. ನನ್ನ ಮನಸ್ಸಿನಲ್ಲಿರುವುದು ಲೆಕ್ಕದ ಮಾತು. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಕೊಳವೆಬಾವಿಯನ್ನು ನಂಬಿ ಅಡಿಕೆ ಇಟ್ಟವರು ನಾವು. ಬೇಸಿಗೆಯಲ್ಲಿ ಒಂದೊಂದು ಅಡಿಕೆ ಮರ ಹನಿ ನೀರಾವರಿಯಲ್ಲೂ ದಿನಕ್ಕೆ ಹದಿನಾರರಿಂದ ಇಪ್ಪತ್ತು ಲೀಟರ್ ಕೇಳುತ್ತದೆ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತೆಂದು, 2025ರ ಜನವರಿಯಲ್ಲಿ ಮತ್ತೆ ಬಿತ್ತೆಂದು ಹಿಗ್ಗಿ ಹೊಸ ಸಸಿ ಇಟ್ಟವರೂ ಇದ್ದಾರೆ. ಎಂಬತ್ತೊಂಬತ್ತು ವರ್ಷಕ್ಕೊಮ್ಮೆ ಬಿದ್ದ ಕೋಡಿಯನ್ನು ನಂಬಿ ತೋಟ ಮಾಡುವ ಧೈರ್ಯ ನನಗಂತೂ ಇಲ್ಲ. ಅಂಥ ತೋಟದ ಅಂಚಿನಲ್ಲಿ ಬರವನ್ನು ಅಡಿಕೆಗಿಂತ ಚೆನ್ನಾಗಿ ತಡೆಯುವ ಹತ್ತು ನಿಂಬೆ ಗಿಡ ಇರುವವರು ಅದನ್ನು ಬೆಳೆಯೆಂದು ಎಣಿಸುವುದೇ ಇಲ್ಲ. ಮಳೆಗಾಲದಲ್ಲಿ ಹಣ್ಣು ಸುರಿಯುವಾಗ ಕೀಳುವ ಕೂಲಿಯೂ ಹುಟ್ಟದೆಂದು ಬುಡದಲ್ಲೇ ಕೊಳೆಯಲು ಬಿಡುತ್ತೇವೆ. ಏಪ್ರಿಲ್ಲಿನಲ್ಲಿ ಮನೆಯ ಖರ್ಚಿಗೆ ಸಂತೆಯಿಂದ ಎಣಿಸಿ ತರುತ್ತೇವೆ. 2022ರ ಏಪ್ರಿಲ್ಲಿನಲ್ಲಿ ದೇಶದ ಹಲವು ಪೇಟೆಗಳಲ್ಲಿ ಒಂದು ನಿಂಬೆಹಣ್ಣು ಹತ್ತು ರೂಪಾಯಿ ದಾಟಿದ್ದನ್ನು ಮರೆಯುವಂತಿಲ್ಲ.

ಮೇಲೆ ಹೇಳಿದ ಪಾಕ ಈ ಎರಡು ತಿಂಗಳುಗಳ ನಡುವಣ ಸೇತುವೆ. ಶುದ್ಧವಾಗಿ ತೊಳೆದು ಒಣಗಿಸಿದ ಗಾಜಿನ ಶೀಶೆಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಒಂದು ತಿಂಗಳಿಗೆ ಮೋಸವಿಲ್ಲ. ಹೊರಗೆ, ಹೆಚ್ಚು ಕಾಲ ಇಡಬೇಕೆಂದರೆ ಲೀಟರಿಗೆ ಅರ್ಧ ಗ್ರಾಂ ಮೀರದಂತೆ ಪೊಟಾಸಿಯಂ ಮೆಟಾಬೈಸಲ್ಫೈಟನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೇರಿಸುವುದು ವಾಡಿಕೆ. ಉಬ್ಬಸ ಇರುವವರ ಮನೆಯಲ್ಲಿ ಅದು ಬೇಡ. ಮಾರಾಟ ಮಾಡುವ ಸ್ಕ್ವಾಷಿಗೆ ನೂರಕ್ಕೆ 25 ಪಾಲು ಹಣ್ಣಿನ ರಸ, 40 ಪಾಲು ಕರಗಿದ ಘನಾಂಶ ಇರಲೇಬೇಕೆಂಬುದು ಬಹುಕಾಲದಿಂದ ಇರುವ ನಿಯಮ. ನಮ್ಮ ಅಳತೆ ಅದಕ್ಕೆ ಕಡಿಮೆಯಿಲ್ಲ. ಆದರೂ ಮನೆಯಲ್ಲಿ ಮಾಡಿದ್ದನ್ನು ಅಂಗಡಿಗೆ ಕೊಡುವ ಮುನ್ನ ಆಹಾರ ಸುರಕ್ಷತೆಯ ನೋಂದಣಿ ಆಗಬೇಕು. ಇಬ್ಬರು ಮೂವರು ಸದಸ್ಯೆಯರು ಈ ಬಗ್ಗೆ ಕಚೇರಿಯಲ್ಲಿ ವಿಚಾರಿಸಿದ್ದಾರೆ. ಅರ್ಜಿ ತುಂಬಿಕೊಡಲು ಗುಮಾಸ್ತರಿಗೆ ತಿಳಿಸಿದ್ದೇನೆ.

ಚಳ್ಳಕೆರೆಯ ಹಿರಿಯರು ಕಡಲೆಕಾಯಿಯನ್ನು ಮೂಟೆಯಲ್ಲಿ ಸಾಗಹಾಕಿ ಸುಮ್ಮನಾಗಲಿಲ್ಲ. ಊರಲ್ಲೇ ಗಾಣ, ಮಿಲ್ಲು ಕಟ್ಟಿ ಎಣ್ಣೆಯಾಗಿ ಮಾರಿದ್ದರಿಂದ ಈ ಊರಿಗೆ ‘ಎಣ್ಣೆ ನಗರ’ವೆಂಬ ಹೆಸರು ಬಂತು. ಹೊರದೇಶದ ಅಗ್ಗದ ಎಣ್ಣೆ ಬಂದು ಹಲವು ಮಿಲ್ಲುಗಳು ಮುಚ್ಚಿದ್ದು ಬೇರೆ ಕಥೆ. ನಿಂಬೆಯ ವಿಷಯದಲ್ಲಿ ನಾವು ಗಾಣದವರೆಗೂ ಹೋಗಿಲ್ಲ. ನಿಂಬೆಗೆಂದೇ ಒಂದು ಅಭಿವೃದ್ಧಿ ಮಂಡಳಿ ವಿಜಯಪುರ ಜಿಲ್ಲೆಯ ಇಂಡಿಯಲ್ಲಿದೆ, ಅದರ ಮಾತು ನಮ್ಮ ಜಿಲ್ಲೆಯವರೆಗೆ ಕೇಳಿಸುವುದು ಕಡಿಮೆ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಬಾಟಲಿ ಪಾನೀಯದ ಬಾಬ್ತನ್ನು ತೆಗೆದುಹಾಕಿ ಖಾರ ನಿಂಬೆ ಪಾನಕವನ್ನೇ ಕೊಡಬೇಕೆಂದು ನಿರ್ದೇಶಕರ ಮುಂದೆ ಸೂಚನೆಯಿಟ್ಟಿದ್ದೇನೆ. ಒಬ್ಬರು, “ಬಂದವರು ಸಂಘಕ್ಕೆ ಬಡತನ ಬಂತು ಅನ್ನಲ್ವೇ ಸ್ವಾಮಿ?” ಎಂದರು. ಅನ್ನಲಿ. ಎರಡು ಡ್ರಮ್ಮು ಮಾಡುವುದು, ಒಂದು ಸಕ್ಕರೆಯದು, ಇನ್ನೊಂದು ಉಪ್ಪಿನದು. ಕಾಳುಮೆಣಸನ್ನು ಘಟ್ಟದ ಸದಸ್ಯರೊಬ್ಬರು ಕೊಡಲು ಒಪ್ಪಿದ್ದಾರೆ. ನಿಂಬೆಹಣ್ಣು ಕೊಡಬಯಸುವವರು ಸಭೆಯ ಹಿಂದಿನ ದಿನ ಸಂಜೆ ಐದು ಗಂಟೆಯೊಳಗೆ ಕಚೇರಿಗೆ ತಲುಪಿಸಬೇಕು. ತೂಕ ಮಾಡಿ ಆ ದಿನದ ಪೇಟೆ ಧಾರಣೆಯಂತೆ ಹಣ ಕೊಡಲಾಗುವುದು. ಕಾಯಿ ಬೇಡ, ಸಿಪ್ಪೆ ತೆಳುವಾಗಿ ಹಳದಿ ತಿರುಗಿದ ಹಣ್ಣೇ ಆಗಬೇಕು.